ಕಲ್ಲಾರ್ ದಾಟಿದ ಮೇಲೆ ಶುರುವಾಗುವ ರೈಲು: ದಾವಣಗೆರೆಯಿಂದ ಊಟಿಗೆ ಹೊರಟವರಿಗೆ

ಪ್ರಶ್ನೆ: ನಾವು ದಾವಣಗೆರೆಯವರು. ಎರಡು ವರ್ಷದ ಹಿಂದೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಮೈಸೂರು, ಬಂಡೀಪುರದ ಮೇಲೆ ಊಟಿಗೆ ಹೋದಾಗ ಅಲ್ಲಿಂದ ಕೂನೂರಿಗೆ ಪುಟಾಣಿ ರೈಲು ಹತ್ತಿದ್ದೆವು. ಎಳೆದದ್ದು ಡೀಸೆಲ್ ಎಂಜಿನ್. ಹಳಿಯ ನಡುವೆ ಹಲ್ಲಿನ ಪಟ್ಟಿ ಇರುತ್ತದೆ ಎಂದು ಮಕ್ಕಳಿಗೆ ಹೇಳಿದ್ದೆ, ಅದೂ ಕಾಣಲಿಲ್ಲ. ಒಂದು ಗಂಟೆಯಲ್ಲಿ ಎಲ್ಲ ಮುಗಿದುಹೋಯಿತು. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರೈಲು ಇದೇನಾ? ಈ ಸಲ ಸರಿಯಾಗಿ ನೋಡಬೇಕೆಂದಿದೆ. ನಾವಿಬ್ಬರು, ಎಂಟು ಮತ್ತು ಹದಿಮೂರು ವರ್ಷದ ಮಕ್ಕಳು, 72 ವರ್ಷದ ತಂದೆ, ಒಟ್ಟು ಐದು ಜನ. ದಸರಾ ರಜೆಯಲ್ಲಿ ಹೋಗುವುದೋ ಬೇಸಿಗೆಯಲ್ಲೋ? ಎಲ್ಲಿ ಹತ್ತಬೇಕು, ಟಿಕೆಟ್ ಹೇಗೆ ಸಿಗುತ್ತದೆ? ಅಷ್ಟು ಕಡಿದಾದ ಏರಿನಲ್ಲಿ ರೈಲು ಹಿಂದಕ್ಕೆ ಜಾರುವುದಿಲ್ಲವೇ ಎಂಬುದು ತಂದೆಯವರ ಪ್ರಶ್ನೆ.

ಉತ್ತರ: ನೀವು ಹತ್ತಿದ್ದು ಅದೇ ರೈಲು, ಆದರೆ ಅದರ ಬಾಲ ಮಾತ್ರ. ನೀಲಗಿರಿ ಬೆಟ್ಟದ ರೈಲುಮಾರ್ಗ ತಮಿಳುನಾಡಿನ ಮೆಟ್ಟುಪಾಳ್ಯಂನಿಂದ ಉದಕಮಂಡಲದವರೆಗೆ ಸುಮಾರು 46 ಕಿ.ಮೀ. ಇದೆ. ಇದನ್ನು ಮೂರು ತುಂಡಾಗಿ ನೋಡಿದರೆ ನಿಮ್ಮ ಗೊಂದಲ ಬಗೆಹರಿಯುತ್ತದೆ. ಮೆಟ್ಟುಪಾಳ್ಯಂನಿಂದ ಕಲ್ಲಾರ್‌ವರೆಗಿನ ಮೊದಲ 8 ಕಿ.ಮೀ. ಬಹುಮಟ್ಟಿಗೆ ಬಯಲು. ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 20 ಕಿ.ಮೀ. ಕಡಿದಾದ ಘಾಟಿ. ಹಲ್ಲಿನ ಪಟ್ಟಿ ಇರುವುದು ಇಲ್ಲಿ, ಉಗಿ ಎಂಜಿನ್ ದುಡಿಯುವುದೂ ಇಲ್ಲಿ. ಕೂನೂರಿನಿಂದ ಊಟಿಯವರೆಗಿನ 18 ಕಿ.ಮೀ.ಗೆ ಹಲ್ಲಿಲ್ಲ, ಡೀಸೆಲ್ ಎಂಜಿನ್ ಸಾಕಾಗುತ್ತದೆ. ಊಟಿಗೆ ಹೋಗಿ ‘ಟಾಯ್ ಟ್ರೇನ್’ ಹತ್ತಿದೆವು ಎನ್ನುವ ನಮ್ಮ ಕಡೆಯ ಮಂದಿಯಲ್ಲಿ ಹೆಚ್ಚಿನವರು ಕಂಡಿರುವುದು ಈ ಮೂರನೆಯ ತುಂಡನ್ನೇ. ಅದೂ ಚೆಂದ, ಕೇತಿ ಕಣಿವೆ ಇರುವುದು ಅಲ್ಲಿಯೇ. ಆದರೆ ಈ ಮಾರ್ಗಕ್ಕೆ ಹೆಸರು ಬಂದದ್ದು ನಡುವಿನ ತುಂಡಿನಿಂದ. ಹಾಗಾಗಿ ಈ ಸಲದ ಪ್ರವಾಸವನ್ನು ಊಟಿಯಿಂದ ಲೆಕ್ಕ ಹಾಕಬೇಡಿ. ಬೆಳಿಗ್ಗೆ 7.10ಕ್ಕೆ ಮೆಟ್ಟುಪಾಳ್ಯಂ ಬಿಡುವ ರೈಲಿನಲ್ಲಿ ಐದು ಸೀಟು ಸಿಗುವ ದಿನ ಯಾವುದೋ ಅದನ್ನು ಮೊದಲು ಹಿಡಿದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ.

ಮೊದಲು ತಂದೆಯವರ ಪ್ರಶ್ನೆ. ಅದು ಸರಿಯಾದ ಪ್ರಶ್ನೆ, ಮಾರ್ಗ ಕಟ್ಟಿದವರಿಗೂ ದೊಡ್ಡ ತಲೆನೋವಾಗಿದ್ದುದು ಅದೇ.

ಬಯಲುಸೀಮೆಯ ರೈಲುದಾರಿಯಲ್ಲಿ 100 ಮೀಟರ್ ಮುಂದೆ ಹೋಗುವಾಗ ಒಂದು ಮೀಟರ್ ಏರಿದರೆ ಅದೇ ಗಣನೀಯ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ಅದು 50ಕ್ಕೆ 1. ಹುಬ್ಬಳ್ಳಿ ಮೇಲೆ ಗೋವಾಕ್ಕೆ ಹೋದವರು ನೋಡಿರುವ ಕ್ಯಾಸಲ್‌ರಾಕ್ ಘಾಟಿಯಲ್ಲಿ 37ಕ್ಕೆ 1, ಅಷ್ಟಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. ಕಲ್ಲಾರ್ ಘಾಟಿಯಲ್ಲಿ 12ಕ್ಕೆ 1. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಬರೀ ಹಿಡಿತದಿಂದ ಹತ್ತುವ ಏರಲ್ಲ ಇದು. ಒಂದು ಲೆಕ್ಕ ಹಾಕಿ ನೋಡಿ. ಎಂಜಿನ್, ಬೋಗಿ, ಜನ ಎಲ್ಲ ಸೇರಿ 100 ಟನ್ ಎಂದಿಟ್ಟುಕೊಳ್ಳಿ. 12ಕ್ಕೆ 1ರ ಏರಿನಲ್ಲಿ ಅದನ್ನು ಕೆಳಕ್ಕೆ ಜಗ್ಗುವ ಬಲ 8 ಟನ್‌ಗಿಂತ ಸ್ವಲ್ಪ ಹೆಚ್ಚು. ಎಂಜಿನ್ನಿನ ಚಾಲಕ ಗಾಲಿಗಳ ಮೇಲೆ 40 ಟನ್ ಭಾರ ಕೂತಿದ್ದರೆ, ಹಳಿ ಒಣಗಿದ್ದಾಗ ಸಿಗುವ ಹಿಡಿತ ಅದರ ಕಾಲು ಭಾಗ, ಎಂದರೆ 10 ಟನ್. ಹೇಗೋ ಹತ್ತಬಹುದು ಅನ್ನಿಸುತ್ತದೆ. ಆದರೆ ನೀಲಗಿರಿಯಲ್ಲಿ ಮಂಜು, ಮಳೆ, ಹಳಿಯ ಮೇಲೆ ಬಿದ್ದು ಅರೆದುಹೋದ ಎಲೆ ಇಲ್ಲದ ದಿನ ಅಪರೂಪ. ಹಾಗಾದಾಗ ಹಿಡಿತ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದು 4 ಟನ್ ಆಗುತ್ತದೆ. ಗಾಲಿ ನಿಂತಲ್ಲೇ ತಿರುಗುತ್ತದೆ, ರೈಲು ಹಿಂದಕ್ಕೆ ಬರುತ್ತದೆ. ತಂದೆಯವರು ಹೆದರಿದ್ದು ಇದಕ್ಕೇ.

ಉಪಾಯ ಸಿಕ್ಕಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಎರಡು ಹಳಿಗಳ ನಡುವೆ, ಹಳಿಯ ಮಟ್ಟಕ್ಕಿಂತ ಸುಮಾರು ಆರೂವರೆ ಸೆಂಟಿಮೀಟರ್ ಎತ್ತರದಲ್ಲಿ, ಗರಗಸದಂತೆ ಹಲ್ಲು ಕೊರೆದ ಉಕ್ಕಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿ ಇರುವ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಇಲ್ಲಿ ಬಳಸಿರುವುದು ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರ್ ರೂಪಿಸಿದ ಬಗೆ. ಅದರ ಜಾಣತನ ಇರುವುದು ಪಟ್ಟಿ ಒಂದಲ್ಲ, ಎರಡು ಎಂಬುದರಲ್ಲಿ. ಎರಡೂ ಅಕ್ಕಪಕ್ಕ ಇದ್ದರೂ ಒಂದರ ಹಲ್ಲಿನ ಎದುರು ಇನ್ನೊಂದರ ಸಂದು ಬರುವಂತೆ ಅರ್ಧ ಹಲ್ಲು ಸರಿಸಿ ಕೂರಿಸಿದ್ದಾರೆ. ಹಲ್ಲುಗಾಲಿಗಳೂ ಹಾಗೆಯೇ ಜೋಡಿ. ಒಂದು ಹಲ್ಲು ಬಿಡುವ ಹೊತ್ತಿಗೆ ಇನ್ನೊಂದು ಪೂರ್ತಿ ಕಚ್ಚಿರುತ್ತದೆ, ಹಿಡಿತ ಯಾವ ಕ್ಷಣದಲ್ಲೂ ತಪ್ಪುವುದಿಲ್ಲ. ಕೂತವರಿಗೆ ಕುಲುಕಾಟವೂ ಕಡಿಮೆ.

ಇನ್ನೊಂದು ವಿಷಯವನ್ನು ಮೆಟ್ಟುಪಾಳ್ಯಂ ಪ್ಲಾಟ್‌ಫಾರಂನಲ್ಲೇ ಮಕ್ಕಳಿಗೆ ತೋರಿಸಿ. ಎಂಜಿನ್ ಮುಂದಿರುವುದಿಲ್ಲ, ಹಿಂದಿರುತ್ತದೆ. ಹತ್ತುವಾಗ ಅದು ಬೋಗಿಗಳನ್ನು ಎಳೆಯುವುದಿಲ್ಲ, ತಳ್ಳುತ್ತದೆ. ಇಳಿಯುವಾಗ ಮುಂದೆ ನಿಂತು ಎದೆಗೊಟ್ಟು ತಡೆಯುತ್ತದೆ. ಎರಡೂ ಸಲ ಎಂಜಿನ್ ಇಳಿಜಾರಿನ ಕೆಳಬದಿಗೇ. ಬೋಗಿಗಳ ನಡುವಿನ ಕೊಂಡಿ ಕಳಚಿದರೂ ಬೋಗಿ ಬಂದು ಎಂಜಿನ್ನಿಗೇ ಆತುಕೊಳ್ಳಲಿ ಎಂಬುದು ಲೆಕ್ಕ. ಹಿಂದಿರುವ ಡ್ರೈವರ್‌ಗೆ ಮುಂದಿನ ದಾರಿ ಕಾಣುವುದಿಲ್ಲವಲ್ಲ, ಅದಕ್ಕೆ ಮುಂದಿನ ಬೋಗಿಯ ಮೊಗಸಾಲೆಯಲ್ಲಿ ಬ್ರೇಕ್‌ಮ್ಯಾನ್ ನಿಂತಿರುತ್ತಾರೆ. ಒಬ್ಬರಲ್ಲ, ಬೋಗಿಗೊಬ್ಬರು. ಕೈಯಲ್ಲಿ ಹಸಿರು, ಕೆಂಪು ಬಾವುಟ. ಮುಂದಿನವರು ತೋರಿಸಿದ ಬಾವುಟವನ್ನು ಹಿಂದಿನವರು ನೋಡಿ ತಾವೂ ತೋರಿಸುತ್ತಾರೆ, ಹೀಗೆ ಸುದ್ದಿ ಎಂಜಿನ್ ಮುಟ್ಟುತ್ತದೆ. ಪ್ರತಿ ಬೋಗಿಗೂ ಕೈಯಿಂದ ತಿರುಗಿಸುವ ಬ್ರೇಕ್ ಬೇರೆಯೇ ಇದೆ. ಇಳಿಯುವಾಗ ಎಂಜಿನ್ನಿನ ಸಿಲಿಂಡರ್‌ಗಳನ್ನೇ ಗಾಳಿ ಒತ್ತುವ ಪಂಪಿನಂತೆ ದುಡಿಸಿ ವೇಗ ಹಿಡಿಯುತ್ತಾರೆ, ಬರೀ ಬ್ರೇಕಿನ ಕಟ್ಟೆ ಒತ್ತುತ್ತ ಇಳಿದರೆ ಅದು ಕಾದು ಸವೆದುಹೋಗುತ್ತದೆ. ಹಲ್ಲಿನ ದಾರಿಯಲ್ಲಿ ವೇಗದ ಮಿತಿ ಗಂಟೆಗೆ 13 ಕಿ.ಮೀ., ಸೈಕಲ್ ತುಳಿಯುವವರಿಗಿಂತ ನಿಧಾನ. ಇಷ್ಟೆಲ್ಲ ಹೇಳಿದರೆ ತಂದೆಯವರಿಗೆ ಸಮಾಧಾನವಾದೀತು. ಅವರಿಗೆ ಇನ್ನೊಂದನ್ನೂ ಹೇಳಿ: ಡಾರ್ಜಿಲಿಂಗ್ ರೈಲಿನ ಹಳಿಯ ಅಗಲ 610 ಮಿಲಿಮೀಟರ್, ಶಿಮ್ಲಾ ರೈಲಿನದು 762. ಊಟಿಯದು 1000, ಅಂದರೆ ಮೀಟರ್ ಗೇಜ್. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಬೆಂಗಳೂರು–ಹುಬ್ಬಳ್ಳಿ ರೈಲು ದಾವಣಗೆರೆಯ ಮೇಲೆ ಓಡುತ್ತಿದ್ದುದೂ ಇದೇ ಅಗಲದ ಹಳಿಯಲ್ಲಿ. ಜನ ಇದನ್ನು ಆಟಿಕೆ ರೈಲು ಎನ್ನುವುದೇ ಸರಿಯಲ್ಲ. ನಿಮ್ಮ ತಂದೆಯವರು ಹರೆಯದಲ್ಲಿ ಹರಿಹರಕ್ಕೋ ಚಿಕ್ಕಜಾಜೂರಿಗೋ ಹೋಗಿದ್ದರೆ ಈ ಅಳತೆಯ ರೈಲಿನಲ್ಲೇ ಹೋಗಿರುತ್ತಾರೆ.

ಎಂಜಿನ್ ಬಗ್ಗೆ ಸ್ವಲ್ಪ, ಯಾಕೆಂದರೆ ಹದಿಮೂರರ ಹುಡುಗರು ಕೇಳದೆ ಬಿಡುವುದಿಲ್ಲ. ಇವಕ್ಕೆ ಎಕ್ಸ್ ಕ್ಲಾಸ್ ಎಂದು ಹೆಸರು. ಮೂಲ ಎಂಜಿನ್‌ಗಳು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಲ್ಲಿ ಆದವು. ಇತ್ತೀಚಿನ ಕೆಲವು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಹೊಸದಾಗಿ ತಯಾರಾದವು. ಸಿಲಿಂಡರ್ ನಾಲ್ಕು, ಬದಿಗೆರಡು, ಒಂದರ ಮೇಲೊಂದು. ಕೆಳಗಿನ ಜೋಡಿ ಸಾಮಾನ್ಯ ಗಾಲಿಗಳನ್ನು ತಿರುಗಿಸುತ್ತದೆ, ಮೇಲಿನ ಜೋಡಿ ಹಲ್ಲುಗಾಲಿಗಳನ್ನು. ಕಲ್ಲಾರ್‌ವರೆಗಿನ ಬಯಲಿನಲ್ಲಿ ಕೆಳಗಿನದು ಮಾತ್ರ ಕೆಲಸ ಮಾಡುತ್ತದೆ. ಹಲ್ಲಿನ ದಾರಿ ಬಂದಾಗ ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಉಗಿಯನ್ನು ಹೊರಗೆ ಬಿಡದೆ ಮೇಲಿನದಕ್ಕೆ ಕಳಿಸುತ್ತಾರೆ, ಅದೇ ಉಗಿ ಎರಡನೇ ಸಲ ದುಡಿಯುತ್ತದೆ. ಮೇಲಿನ ಸಿಲಿಂಡರಿನ ದಂಡಗಳು ಕೆಳಗಿನವಕ್ಕಿಂತ ಬೇಗ ಬೇಗ ಆಡುವುದು ಪಕ್ಕದಿಂದ ಚೆನ್ನಾಗಿ ಕಾಣುತ್ತದೆ. ಮೊದಲೊಮ್ಮೆ ಬಳಸಿ ಒತ್ತಡ ಇಳಿದ ಉಗಿ ಉಬ್ಬಿಕೊಂಡಿರುತ್ತದೆ, ಅಷ್ಟನ್ನೂ ನುಂಗಬೇಕಾದರೆ ಆ ಪಿಸ್ಟನ್ ಹೆಚ್ಚು ಸಲ ಆಡಲೇಬೇಕು.

ಕಲ್ಲಾರ್‌ನಲ್ಲಿ ಕಿಟಕಿಯಿಂದ ಆಚೀಚೆ ನೋಡುವುದನ್ನು ನಿಲ್ಲಿಸಿ ಕಿವಿಗೊಡಿ. ಅಲ್ಲಿಯವರೆಗೆ ಅಕ್ಕಪಕ್ಕ ಅಡಿಕೆ ತೋಟ, ಚನ್ನಗಿರಿ ಕಡೆಯವರಿಗೆ ಊರಿನಲ್ಲೇ ಇದ್ದೇವೆ ಅನ್ನಿಸಬೇಕು. ಹಲ್ಲಿನ ಪಟ್ಟಿ ಶುರುವಾಗುವ ಕಡೆ ರೈಲು ನಡಿಗೆಯ ವೇಗಕ್ಕೆ ಇಳಿಯುತ್ತದೆ. ಪಟ್ಟಿಯ ತುದಿಯ ತುಂಡನ್ನು ಸ್ಪ್ರಿಂಗಿನ ಮೇಲೆ ಕೂರಿಸಿರುತ್ತಾರೆ. ಹಲ್ಲಿಗೆ ಹಲ್ಲು ಎದುರಾಗಿ ಡಿಕ್ಕಿಯಾದರೆ ಆ ತುಂಡು ಒಂದಿಷ್ಟು ತಗ್ಗಿ, ಸಂದು ಸಿಕ್ಕೊಡನೆ ಕೂಡಿಕೊಳ್ಳುತ್ತದೆ. ವೇಗವಾಗಿ ನುಗ್ಗಿದರೆ ಹಲ್ಲು ಮುರಿಯುತ್ತದೆ, ಅದಕ್ಕೇ ಆ ನಿಧಾನ. ಕೂಡಿಕೊಂಡ ಮೇಲೆ ತಳದಿಂದ ಗಡಗಡ ಎಂಬ ಹೊಸ ಸದ್ದು ಸೇರುತ್ತದೆ, ಎಂಜಿನ್ನಿನ ಉಸಿರೂ ಬದಲಾಗುತ್ತದೆ. ಅಲ್ಲಿಂದ ಕೂನೂರಿನವರೆಗೆ ಆ ಸದ್ದು ಜೊತೆಗೇ ಇರುತ್ತದೆ.

ಇಡೀ ಮಾರ್ಗದಲ್ಲಿ 16 ಸುರಂಗ, 250 ಸೇತುವೆ, 208 ತಿರುವು. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿದೆ, ಊಟಿ ನಿಲ್ದಾಣ 2,203 ಮೀಟರ್. ಬೆಟ್ಟಕ್ಕೆ ರೈಲು ಬೇಕೆಂಬ ಮಾತು 1854ರಲ್ಲೇ ಎದ್ದಿತ್ತು, ಕೆಲಸ ಹಿಡಿದದ್ದು 1891ರಲ್ಲಿ. ಕೂನೂರಿಗೆ ರೈಲು ಬಂದದ್ದು 1899ಕ್ಕೆ, ಊಟಿ ಮುಟ್ಟಿದ್ದು 1908ಕ್ಕೆ. ಯುನೆಸ್ಕೊ ಪಟ್ಟಿಗೆ ಸೇರಿದ್ದು 2005ರಲ್ಲಿ, 1999ರಲ್ಲೇ ಪಟ್ಟಿಯಲ್ಲಿದ್ದ ಡಾರ್ಜಿಲಿಂಗ್ ರೈಲಿನ ಜೊತೆಗೆ. ಚರಿತ್ರೆ ಇಷ್ಟು ಸಾಕು, ಉಳಿದದ್ದು ಕೂನೂರಿನಲ್ಲಿ ಕಣ್ಣಿಗೇ ಬೀಳುತ್ತದೆ.

ಇನ್ನು ಯಾವಾಗ ಎಂಬ ಪ್ರಶ್ನೆ. ದಸರಾ ರಜೆ ಬೇಡ. ನಮ್ಮಲ್ಲಿ ಅಕ್ಟೋಬರ್ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ಆದ್ದರಿಂದ ಪ್ರವಾಸಕ್ಕೆ ಒಳ್ಳೆಯ ಕಾಲ ಎಂದುಕೊಳ್ಳುತ್ತೇವೆ. ನೀಲಗಿರಿಯ ಪೂರ್ವದ ಮಗ್ಗುಲಿಗೆ ಲೆಕ್ಕ ಬೇರೆ. ಈಶಾನ್ಯ ಮಾರುತ ಅಲ್ಲಿಗೆ ಬಂದು ಬಡಿಯುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕಲ್ಲಾರ್–ಕೂನೂರು ಘಾಟಿ ಇರುವುದು ಸರಿಯಾಗಿ ಆ ಮಗ್ಗುಲಿನಲ್ಲಿ. ಒಂದು ರಾತ್ರಿ ಜೋರು ಮಳೆ ಸುರಿದರೆ ಮಣ್ಣು, ಬಂಡೆ, ಮರ ಹಳಿಯ ಮೇಲೆ ಬಂದು ಕೂರುತ್ತವೆ. ಹಲ್ಲಿನ ಪಟ್ಟಿ ಸೊಟ್ಟಗಾದರೆ ಮಣ್ಣು ತೆಗೆದಷ್ಟಕ್ಕೇ ಮುಗಿಯುವುದಿಲ್ಲ, ಪಟ್ಟಿಯನ್ನು ಕೂದಲೆಳೆಯಷ್ಟು ಸರಿಯಾಗಿ ಮತ್ತೆ ಕೂರಿಸಬೇಕು. ಹಾಗಾಗಿ ಒಮ್ಮೆ ನಿಂತರೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ರೈಲು ಇರುವುದಿಲ್ಲ. ಆಗಲೂ ಕೂನೂರು–ಊಟಿ ನಡುವೆ ಮಾತ್ರ ಓಡುವುದುಂಟು, ಅದನ್ನು ನೀವು ಈಗಾಗಲೇ ನೋಡಿದ್ದೀರಿ. ಬೇಸಿಗೆ ರಜೆಯಲ್ಲಿ ರೈಲು ಖಾತ್ರಿ, ಸೀಟು ಕಷ್ಟ. ನನ್ನನ್ನು ಕೇಳಿದರೆ ಸಂಕ್ರಾಂತಿ ಕಳೆದು ಮಾರ್ಚ್ ಮುಗಿಯುವುದರೊಳಗೆ, ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ, ವಾರದ ನಡುವೆ ಹೋಗಿಬನ್ನಿ. ಆಕಾಶ ತಿಳಿಯಾಗಿರುತ್ತದೆ, ನೂಕುನುಗ್ಗಲು ಇರುವುದಿಲ್ಲ. ಅದು ಆಗದಿದ್ದರೆ ಏಪ್ರಿಲ್ ಎರಡನೇ ವಾರ, ಮೇ ತಿಂಗಳಂತೂ ಬೇಡ.

ಟಿಕೆಟ್ಟಿನ ಕೆಲಸ ಹೀಗೆ. ರೈಲ್ವೆ ಮುಂಗಡ ಕಾಯ್ದಿರಿಸುವ ಅವಧಿ ಈಗ 60 ದಿನ, ಪ್ರಯಾಣದ ದಿನ ಬಿಟ್ಟು. ಮೇ 1ಕ್ಕೆ ಹೊರಡುವವರಿಗೆ ಮಾರ್ಚ್ 2ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ರೈಲಿಗೆ ಇರುವುದು ನಾಲ್ಕೇ ಬೋಗಿ, ಅದಕ್ಕಿಂತ ಹೆಚ್ಚು ಭಾರವನ್ನು ಆ ಏರಿಗೆ ತಳ್ಳುವುದು ಕಷ್ಟ. ರಜೆಯ ದಿನಗಳ ಸೀಟು ನೋಡನೋಡುತ್ತಿದ್ದಂತೆ ಖಾಲಿ. ಐಆರ್‌ಸಿಟಿಸಿಯಲ್ಲಿ ಮೊದಲೇ ಲಾಗಿನ್ ಆಗಿ, ಐದೂ ಜನರ ಹೆಸರು, ವಯಸ್ಸನ್ನು ಪ್ರಯಾಣಿಕರ ಪಟ್ಟಿಗೆ ಹಿಂದಿನ ದಿನವೇ ಸೇರಿಸಿಟ್ಟುಕೊಳ್ಳಿ. ‘ಊಟಿ’ ಎಂದು ಹುಡುಕುತ್ತ ಹೊತ್ತು ಕಳೆಯಬೇಡಿ, ನಿಲ್ದಾಣದ ಸಂಕೇತ ಹಾಕಿ: ಮೆಟ್ಟುಪಾಳ್ಯಂ ಎಂಟಿಪಿ, ಉದಕಮಂಡಲ ಯುಎಎಂ, ಕೂನೂರು ಓಎನ್‌ಆರ್. ಒಂದು ಟಿಕೆಟ್ಟಿನಲ್ಲಿ ಆರು ಜನರವರೆಗೆ ಅವಕಾಶವಿದೆ, ಐವರನ್ನೂ ಒಂದರಲ್ಲೇ ಹಾಕಿ. ಇದು ಮುಖ್ಯ. ಈ ಬೋಗಿಗಳಲ್ಲಿ ಒಂದು ಕಂಪಾರ್ಟ್‌ಮೆಂಟಿನಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ, ಪ್ರತಿಯೊಂದಕ್ಕೂ ಹೊರಬಾಗಿಲೇ. ಬೇರೆ ಬೇರೆ ಟಿಕೆಟ್ ಮಾಡಿಸಿ ಸೀಟು ಚದುರಿದರೆ ಮಗು ಒಂದು ಕಡೆ, ತಾಯಿ ಒಂದು ಕಡೆ. ಎಂಟು ವರ್ಷದ ಮಗುವಿಗೂ ಸೀಟು ತೆಗೆಯಿರಿ, ಐದು ಗಂಟೆ ತೊಡೆಯ ಮೇಲೆ ಕೂರಿಸಿಕೊಳ್ಳುವ ವಯಸ್ಸಲ್ಲ.

ಕೊನೆಯವರೆಗೆ ಎರಡನೇ ದರ್ಜೆಗೆ ತಲೆಗೆ ಸುಮಾರು 300 ರೂಪಾಯಿ, ಮೊದಲ ದರ್ಜೆಗೆ ಸುಮಾರು 600. ಹಣ ಕೊಡುವ ಮನಸ್ಸಿದ್ದರೆ ಹತ್ತುವಾಗ ಮೊದಲ ದರ್ಜೆಗೇ ಕೊಡಿ, ಮೆತ್ತನೆಯ ಸೀಟಿಗಾಗಿ ಅಲ್ಲ. ಆ ಬೋಗಿ ಇರುವುದು ಎಲ್ಲಕ್ಕಿಂತ ಮುಂದೆ, ಎಂಜಿನ್ನಿನಿಂದ ದೂರ. ಮುಂದಿನ ಹಳಿ, ಹಲ್ಲಿನ ಪಟ್ಟಿ, ಬಾಯಿ ತೆರೆದ ಸುರಂಗ ನೇರ ಕಾಣುತ್ತವೆ. ಸುರಂಗದಲ್ಲಿ ಹೊಗೆಯೂ ಕಡಿಮೆ, ಉಬ್ಬಸ ಇರುವವರಿಗೆ ಅದೊಂದು ಅನುಕೂಲ. ಕೊನೆಯ ಬೋಗಿಯವರಿಗೆ ಎಂಜಿನ್ನಿನ ಸದ್ದು, ಉಗಿ, ಎಣ್ಣೆಹೊಗೆ ಎಲ್ಲ ಕೈಗೆಟಕುವಷ್ಟು ಹತ್ತಿರ. ಹುಡುಗರಿಗೆ ಅದೇ ಇಷ್ಟವಾಗಬಹುದು, ಬಿಳಿ ಅಂಗಿ ಮಾತ್ರ ಬೇಡ. ಎಡಗಡೆ ಕೂರಬೇಕೋ ಬಲಗಡೆಯೋ ಎಂದು ಎಲ್ಲರೂ ಕೇಳುತ್ತಾರೆ. 208 ತಿರುವಿನ ದಾರಿಯಲ್ಲಿ ಕಣಿವೆ ಒಂದೇ ಕಡೆ ನಿಂತಿರುವುದಿಲ್ಲ, ಅದರ ಚಿಂತೆ ಬಿಡಿ.

ವೇಟಿಂಗ್ ಲಿಸ್ಟ್ ಟಿಕೆಟ್ ನಂಬಿ ದಾವಣಗೆರೆ ಬಿಡಬೇಡಿ. ನಾಲ್ಕು ಬೋಗಿಯ ರೈಲಿನಲ್ಲಿ ರದ್ದಾಗುವ ಟಿಕೆಟ್ಟೇ ಕಡಿಮೆ. ಚಾರ್ಟ್ ಆಗುವುದು ಹಿಂದಿನ ರಾತ್ರಿ, ಆ ಹೊತ್ತಿಗೆ ನೀವು ಕೊಯಮತ್ತೂರು ಸೇರಿರುತ್ತೀರಿ. ಕಾಯ್ದಿರಿಸದ ಸೀಟುಗಳು ಕೆಲವೇ ಕೆಲವು. ಅವಕ್ಕೆ ಬೆಳಗಿನ ಜಾವದಿಂದ ಸಾಲು, ಒಬ್ಬಂಟಿ ಹುಡುಗರಿಗೆ ಸರಿ, ಐವರ ಕುಟುಂಬಕ್ಕಲ್ಲ. ಊಟಿಯವರೆಗೆ ಸೀಟಿಲ್ಲದೆ ಕೂನೂರಿನವರೆಗೆ ಮಾತ್ರ ಸಿಕ್ಕರೆ ಹಿಂದೆಮುಂದೆ ನೋಡದೆ ತೆಗೆಯಿರಿ. ಹಲ್ಲಿನ ದಾರಿ ಮುಗಿಯುವುದೇ ಅಲ್ಲಿ, ಅಲ್ಲಿಂದ ಊಟಿಗೆ ಬಸ್ಸು ಬೇಕಾದಷ್ಟಿವೆ. ಹತ್ತುವ ರೈಲಿಗೆ ಏನೂ ಸಿಗದಿದ್ದರೆ ಇಳಿಯುವ ರೈಲು ನೋಡಿ. ಅದು ಮಧ್ಯಾಹ್ನ 2ಕ್ಕೆ ಊಟಿ ಬಿಟ್ಟು ಸಂಜೆ ಐದೂವರೆ ಸುಮಾರಿಗೆ ಮೆಟ್ಟುಪಾಳ್ಯಂ ಸೇರುತ್ತದೆ. ಕೂನೂರಿನಲ್ಲಿ ಉಗಿ ಎಂಜಿನ್ ಬಂದು ಕೂಡಿಕೊಳ್ಳುತ್ತದೆ. ದಾರಿ ಅದೇ, ಹಲ್ಲೂ ಅದೇ. ಆದರೆ ಇಳಿಯುವಾಗ ಎಂಜಿನ್ನಿನ ದುಡಿಮೆ ಕೇಳಿಸುವುದಿಲ್ಲ, ಬ್ರೇಕಿನ ಕೀರಲು ಕೇಳಿಸುತ್ತದೆ. ನನ್ನ ಮಟ್ಟಿಗೆ ಹತ್ತುವುದೇ ಮೇಲು.

ದಾವಣಗೆರೆಯಿಂದ ಹೋಗುವ ಬಗೆ ಎರಡು. ರೈಲಿನಲ್ಲೇ ಹೋಗುವುದಾದರೆ ರಾಣಿ ಚೆನ್ನಮ್ಮದಂಥ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಹಗಲಿನ ಯಾವುದಾದರೂ ರೈಲಿನಲ್ಲಿ ಕೊಯಮತ್ತೂರು. ಬೆಂಗಳೂರಿನಲ್ಲಿ ಎರಡು ರೈಲುಗಳ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಎರಡನೆಯದು ಯಾವ ನಿಲ್ದಾಣದಿಂದ ಹೊರಡುತ್ತದೆ ಎಂದೂ ನೋಡಿಕೊಳ್ಳಿ, ಕೆಲವು ಕಂಟೋನ್ಮೆಂಟಿನಿಂದ ಹೊರಡುತ್ತವೆ. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ 36 ಕಿ.ಮೀ., ಲೋಕಲ್ ರೈಲು, ಬಸ್ಸು ಎರಡೂ ಇವೆ. ಆ ರಾತ್ರಿ ಮೆಟ್ಟುಪಾಳ್ಯಂನಲ್ಲೇ ಮಲಗಿ, ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಕೊಯಮತ್ತೂರಿನಲ್ಲಿ ಉಳಿದು ಬೆಳಗಿನ ಜಾವ ಚೆನ್ನೈನಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ ಹಿಡಿದರೂ ಆಗುತ್ತದೆ, ಅದು ಬೆಟ್ಟದ ರೈಲಿಗೆ ಹೊಂದಿಸಿದ ಗಾಡಿ. ಆದರೆ 72ರ ಹಿರಿಯರನ್ನೂ ಎಂಟರ ಮಗುವನ್ನೂ ನಾಲ್ಕು ಗಂಟೆಗೆ ಎಬ್ಬಿಸಿ ಹೊರಡಿಸುವ ಪೀಕಲಾಟ ಯಾಕೆ?

ಟೆಂಪೊ ಟ್ರಾವೆಲರ್ ಮಾಡುವವರಿಗೆ ಇನ್ನೊಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. ಮೈಸೂರಿನಿಂದ ಬಂಡೀಪುರಕ್ಕೆ ತಿರುಗದೆ ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಂ ಸೇರಿ. ದಿಂಬಂನಲ್ಲಿ 27 ಹಿಮ್ಮುರಿ ತಿರುವು, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಹಗಲಲ್ಲೇ ದಾಟಿಬಿಡಿ. ಮರುದಿನ ನಿಮ್ಮನ್ನು ರೈಲಿಗೆ ಹತ್ತಿಸಿ ಡ್ರೈವರ್ ಸಾಮಾನಿನ ಜೊತೆ ರಸ್ತೆಯಲ್ಲಿ ಊಟಿಗೆ ಹೋಗಲಿ. 50 ಕಿ.ಮೀ. ಚಿಲ್ಲರೆ ದಾರಿ, ನಿಮಗಿಂತ ಮೊದಲೇ ಮುಟ್ಟಿ ಕಾಯುತ್ತಿರುತ್ತಾನೆ. ಬೋಗಿಯಲ್ಲಿ ದೊಡ್ಡ ಸೂಟ್‌ಕೇಸ್ ಇಡಲು ಜಾಗವೇ ಇಲ್ಲ, ಆ ತೊಂದರೆಯೂ ಹೀಗೆ ತಪ್ಪುತ್ತದೆ. ಒಂದೇ ಎಚ್ಚರ: ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯ. 2025ರ ಏಪ್ರಿಲ್‌ನಿಂದ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ ತಂದಿದ್ದಾರೆ. ರೈಲಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಅದು ಬೇಕಿಲ್ಲ, ನಿಮ್ಮ ಗಾಡಿಗೆ ಬೇಕು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಹೊರಡುವ ಮುಂಚೆಯೇ ಮಾಡಿಸಿ. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತುಬಿಟ್ಟರೆ ಊಟಿಯ ಚಳಿಯಲ್ಲಿ ಸ್ವೆಟರ್ ಇಲ್ಲದೆ ನಿಲ್ಲುವವರು ನೀವು.

ಸ್ವೆಟರ್ ಹೇಗೂ ಕೈಚೀಲದಲ್ಲೇ ಇರಲಿ. ಮೆಟ್ಟುಪಾಳ್ಯಂನ ಸೆಕೆ ನಮ್ಮೂರಿನದೇ ಹಾಗೆ. ಕೂನೂರು ಬರುವ ಹೊತ್ತಿಗೆ ಕಿಟಕಿ ಇಳಿಸುತ್ತೀರಿ. ಎತ್ತರ ಏರುವಾಗ ಕಿವಿ ಕಟ್ಟಿದರೆ ಮಕ್ಕಳಿಗೆ ಪೆಪ್ಪರ್‌ಮೆಂಟ್ ಚೀಪಲು ಕೊಡಿ. ಎಲ್ಲಕ್ಕಿಂತ ಮುಖ್ಯ ಹಿರಿಯರ ವಿಷಯ: ಬೋಗಿಯಲ್ಲಿ ಶೌಚಾಲಯ ಇಲ್ಲ. ಮೆಟ್ಟುಪಾಳ್ಯಂನಲ್ಲಿ ಹತ್ತುವ ಮುಂಚೆ ಮುಗಿಸಿಕೊಳ್ಳಿ, ಆಮೇಲೆ ನಡುದಾರಿಯ ಹಿಲ್‌ಗ್ರೋವ್, ಮೂರು ಗಂಟೆಯ ನಂತರ ಕೂನೂರು. ಸಕ್ಕರೆ ಕಾಯಿಲೆ ಇದ್ದು ನೀರುಮಾತ್ರೆ ತೆಗೆದುಕೊಳ್ಳುವವರಾದರೆ ಆ ಬೆಳಿಗ್ಗೆ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ಉಳಿದಂತೆ 2,200 ಮೀಟರ್ ಎತ್ತರ ಸಾಮಾನ್ಯ ಆರೋಗ್ಯದ ಹಿರಿಯರಿಗೆ ಕಷ್ಟ ಕೊಡುವುದಿಲ್ಲ.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುತ್ತದೆ, ಮನುಷ್ಯರು ಟೀ ಕುಡಿಯುತ್ತಾರೆ. ಕೋತಿಗಳು ಸಿಕ್ಕಿದ್ದನ್ನು ತಿನ್ನುತ್ತವೆ. ದಾವಣಗೆರೆಯಿಂದ ಕಟ್ಟಿಕೊಂಡು ಬಂದ ಖಾರ ಮಂಡಕ್ಕಿಯ ಪೊಟ್ಟಣ ಅಲ್ಲಿ ಬಿಚ್ಚಬೇಡಿ, ಕಿಟಕಿ ಹಾಕಿಕೊಂಡು ಇಳಿಯಿರಿ. ನೀಲಗಿರಿ ಜಿಲ್ಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ. ಹಳಿಯ ಮೇಲೆ ಇಳಿದು ಸೆಲ್ಫಿ ತೆಗೆಯುವವರ ಸಾಲಿಗೆ ಮಕ್ಕಳು ಸೇರದಿರಲಿ. ಹಿಂದಿನಿಂದ ತಳ್ಳುವ ರೈಲು ಹೊರಟದ್ದು ಮುಂದೆ ನಿಂತವರಿಗೆ ತಟ್ಟನೆ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಕಾಡಿನ ನಡುವೆ ಕಾರಣ ಹೇಳದೆ ರೈಲು ನಿಲ್ಲುತ್ತದೆ. ಮುಂದೆ ಹಳಿಯ ಮೇಲೆ ಆನೆ ಇರಬಹುದು, ಅವು ಹೋಗುವವರೆಗೆ ಕಾಯುವುದೇ ದಾರಿ.

ಕೂನೂರಿನಲ್ಲಿ ಎಂಜಿನ್ ಬದಲಾಗುವಾಗ ಇಳಿದು ನೋಡಿ, ಎಂಜಿನ್ ಷೆಡ್ ನಿಲ್ದಾಣದ ಪಕ್ಕದಲ್ಲೇ ಇದೆ. ಅಲ್ಲಿಂದ ಮುಂದಿನ ಏರು 25ಕ್ಕೆ 1, ಕ್ಯಾಸಲ್‌ರಾಕ್ ಘಾಟಿಗಿಂತ ಕಡಿದು, ಆದರೂ ಹಲ್ಲಿಲ್ಲದೆ ಹತ್ತುತ್ತದೆ. ವೆಲಿಂಗ್ಟನ್, ಅರುವಂಕಾಡು, ಕೇತಿ, ಲವ್‌ಡೇಲ್ ದಾಟಿ ಕೊನೆಗೆ ಒಂದಿಷ್ಟು ಇಳಿದು ಊಟಿ. ದಾರಿಯುದ್ದಕ್ಕೂ ಊರಿನ ಹೆಸರುಗಳು ನಮ್ಮ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ಈ ಬೆಟ್ಟದ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು, ನಿಧಾನವಾಗಿ ಕನ್ನಡದಲ್ಲೇ ಮಾತಾಡಿಸಿ ನೋಡಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಊಟಿಯಲ್ಲಿರುತ್ತೀರಿ.

ಎಲ್ಲ ಸರಿಯಾಗಿದ್ದೂ ಹಿಂದಿನ ರಾತ್ರಿ ರೈಲು ರದ್ದು ಎಂಬ ಸಂದೇಶ ಬಂದರೆ? ಇಡೀ ರೈಲು ರದ್ದಾದರೆ ಆನ್‌ಲೈನ್ ಟಿಕೆಟ್ಟಿನ ಪೂರ್ತಿ ಹಣ ತಾನಾಗಿಯೇ ಖಾತೆಗೆ ಮರಳುತ್ತದೆ, ನೀವು ರದ್ದು ಮಾಡಲು ಹೋಗಬೇಡಿ. ಹಾಗೆ ಮಾಡಿದರೆ ರದ್ದತಿ ಶುಲ್ಕ ಕತ್ತರಿಸಿಕೊಳ್ಳುವ ಸಂಭವವಿದೆ. ದಾರಿಯ ಒಂದು ಭಾಗ ಮಾತ್ರ ರದ್ದಾಗಿದ್ದರೆ ಐಆರ್‌ಸಿಟಿಸಿಯಲ್ಲಿ ಟಿಡಿಆರ್, ಎಂದರೆ ಹಣ ವಾಪಸ್ ಕೇಳುವ ಅರ್ಜಿ, ಸಲ್ಲಿಸಬೇಕು. ಆಗ ರಸ್ತೆಯಲ್ಲಿ ಊಟಿಗೆ ಹೋಗಿ, ಎರಡು ದಿನ ಇರುವವರಾದರೆ ದಾರಿ ತೆರೆಯಿತೇ ಎಂದು ನಿಲ್ದಾಣದಲ್ಲಿ ವಿಚಾರಿಸುತ್ತಿರಿ. ತೆರೆದರೆ ಇಳಿಯುವ ರೈಲಿಗೆ ಸೀಟು ಸಿಗುವ ಅವಕಾಶ ಇರುತ್ತದೆ, ಮೊದಲೇ ಕಾಯ್ದಿರಿಸಿದ್ದ ಎಷ್ಟೋ ಜನ ಆ ಹೊತ್ತಿಗೆ ಪ್ರವಾಸವನ್ನೇ ಕೈಬಿಟ್ಟಿರುತ್ತಾರೆ.

ವಾಪಸ್ ಬರುವುದು ಗುಂಡ್ಲುಪೇಟೆ, ಮೈಸೂರಿನ ಮೇಲೆ. ಊಟಿಯಿಂದ ಮೈಸೂರು 125 ಕಿ.ಮೀ. ಆಸುಪಾಸು, ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಯನ್ನು ಮಧ್ಯಾಹ್ನ ಊಟ ಮುಗಿಸಿ ಬಿಟ್ಟರೆ ಸಂಜೆಗೆ ಮೈಸೂರು ಸೇರಿ, ಹಾಸನ, ಅರಸೀಕೆರೆ ಮೇಲೆ ಹೋಗುವ ರಾತ್ರಿ ರೈಲಿನಲ್ಲಿ ಮಲಗಿಕೊಂಡೇ ದಾವಣಗೆರೆ ಮುಟ್ಟಬಹುದು. ಈ ಟಿಕೆಟ್ಟನ್ನೂ ಬೆಟ್ಟದ ರೈಲಿನ ಟಿಕೆಟ್ ಖಾತ್ರಿಯಾದ ದಿನವೇ ತೆಗೆದಿಡಿ, ತಂದೆಯವರಿಗೆ ಕೆಳಗಿನ ಬರ್ತ್ ಕೇಳಲು ಮರೆಯಬೇಡಿ.